ಸರ್ವಿಸ್ ಕೆಟ್ಟದಾಗಿದ್ದರೆ ಟಿಪ್ಸ್ ಎಷ್ಟು ಕೊಡಬೇಕು?

ಊಟ ಮುಗಿದಿದೆ, ಬಿಲ್ ಬಂದಿದೆ, ಸರ್ವಿಸ್ ಮಾತ್ರ ಹಿಡಿಸಿಲ್ಲ. ಟಿಪ್ಸ್ ಕೊಡದೆ ಎದ್ದುಹೋದರೆ ಬುದ್ಧಿ ಕಲಿಸಿದ ಹಾಗಾಯಿತು ಅಂದುಕೊಳ್ಳುವವರೇ ಹೆಚ್ಚು. ಅದರ ಪೆಟ್ಟು ಬಹಳ ಸಲ ತಪ್ಪು ಮಾಡಿದವರಿಗೆ ತಾಗುವುದೇ ಇಲ್ಲ.

ಲೆಕ್ಕ ಹಾಕುವ ಮೊದಲು ಬಿಲ್ಲನ್ನು ಕೊನೆಯ ಸಾಲಿನವರೆಗೂ ಓದಿ. ಅಮೆರಿಕದಲ್ಲಿ ಆರೆಂಟು ಜನರ ಗುಂಪು ಕೂತರೆ ಶೇ. 18ರಷ್ಟನ್ನು ಹೋಟೆಲ್‌ನವರೇ ಸೇರಿಸಿಬಿಡುವುದು ಮಾಮೂಲು. ಅದೇ ಚೀಟಿಯ ಕೆಳಗೆ ‘ಟಿಪ್’ ಅಂತ ಖಾಲಿ ಗೆರೆಯೂ ಇರುತ್ತದೆ. ಗಮನಿಸದೆ ತುಂಬಿದರೆ ಎರಡು ಸಲ ಕೊಟ್ಟಂತೆ. ಫ್ರಾನ್ಸ್‌ನಲ್ಲಿ ಸರ್ವಿಸ್ ದುಡ್ಡು ಬೆಲೆಯೊಳಗೇ ಸೇರಿರುತ್ತದೆ. ಖುಷಿಯಾದರೆ ಚಿಲ್ಲರೆ ಬಿಟ್ಟರೂ ಸಾಕು. ಜಪಾನಿನಲ್ಲಿ ಟಿಪ್ಸ್ ನಿರೀಕ್ಷಿಸುವುದೇ ಇಲ್ಲ. ಮೇಜಿನ ಮೇಲೆ ದುಡ್ಡು ಬಿಟ್ಟರೆ ಮರೆತು ಹೋದಿರಿ ಅಂತ ಹಿಂದೆಯೇ ಓಡಿಬಂದು ಕೊಟ್ಟಾರು. ಹಾಗಾಗಿ ಮುಂದಿನ ಮಾತೆಲ್ಲ ಟಿಪ್ಸೇ ಸಂಬಳದ ಭಾಗವಾಗಿರುವ ಕಡೆಗೆ, ಮುಖ್ಯವಾಗಿ ಅಮೆರಿಕಕ್ಕೆ.

ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕ ಕೈಯಿಂದ ಕೊಡಲೇಬೇಕಾದದ್ದು ಗಂಟೆಗೆ 2.13 ಡಾಲರ್. 1991ರಿಂದ ಈ ಅಂಕಿ ಬದಲಾಗಿಲ್ಲ. ಟಿಪ್ಸ್ ಸೇರಿಯೂ ಗಂಟೆಗೆ 7.25 ಡಾಲರ್ ಎಂಬ ಫೆಡರಲ್ ಕನಿಷ್ಠ ವೇತನ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕನೇ ತುಂಬಬೇಕು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳಲ್ಲಿ ಈ ಕಡಿಮೆ ದರ ಇಲ್ಲ, ಎಲ್ಲರಿಗೂ ಒಂದೇ ಕನಿಷ್ಠ ವೇತನ.

ತೆರಿಗೆ ಸೇರಿಸುವ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿ. ಶೇ. 15 ಅಂದರೆ ಸಾಧಾರಣ, 18ರಿಂದ 20 ಅಂದರೆ ಚೆನ್ನಾಗಿತ್ತು ಅಂತ. 80 ಡಾಲರ್ ಬಿಲ್ಲಿಗೆ ಹತ್ತನೇ ಒಂದು ಭಾಗ 8, ಅದರ ಅರ್ಧ 4. ಕೂಡಿಸಿದರೆ 12, ಅದೇ ಶೇ. 15. ಎಂಟನ್ನು ದುಪ್ಪಟ್ಟು ಮಾಡಿದರೆ ಶೇ. 20. ಕಾರ್ಡ್ ಮೆಷಿನ್ ತೋರಿಸುವ ರೆಡಿಮೇಡ್ ಬಟನ್‌ಗಳು ಕೆಲವು ಕಡೆ ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕಿರುತ್ತವೆ, ನೋಡಿ ಒತ್ತಿ.

ಈಗ ಕೆಟ್ಟ ಸರ್ವಿಸ್ ವಿಷಯ. ತಪ್ಪು ಯಾರದು ಅಂತ ಮೊದಲು ಬಿಡಿಸಿ ನೋಡಬೇಕು. ಊಟ ತಡವಾಯಿತು, ಆದರೆ ವೇಟರ್ ಎರಡು ಸಲ ಬಂದು ‘ಇನ್ನೊಂದು ಹತ್ತು ನಿಮಿಷ’ ಅಂದು ನೀರು ತುಂಬಿ ಹೋದ ಅಂದರೆ ತೊಂದರೆ ಅಡುಗೆಮನೆಯಲ್ಲಿ. ಬೆಂದಿಲ್ಲ, ಸೀದಿದೆ, ಉಪ್ಪು ಜಾಸ್ತಿ ಅನ್ನುವುದೂ ಅಡುಗೆಯವರದೇ. ಒಬ್ಬನೇ ಹತ್ತು ಹನ್ನೆರಡು ಟೇಬಲ್‌ಗೆ ಓಡಾಡುತ್ತಿದ್ದರೆ ಜನ ಕಡಿಮೆ ಇಟ್ಟ ಮ್ಯಾನೇಜರ್‌ನದು. ಇದಕ್ಕೆಲ್ಲ ವೇಟರ್‌ನ ದುಡ್ಡು ಕತ್ತರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಆರ್ಡರ್ ಕಂಪ್ಯೂಟರಿಗೆ ಹಾಕುವುದನ್ನೇ ಮರೆತ, ಅಲರ್ಜಿ ಇದೆ ಅಂತ ಹೇಳಿದ್ದನ್ನು ಅಡುಗೆಮನೆಗೆ ತಿಳಿಸಲಿಲ್ಲ, ತಟ್ಟೆ ಇಟ್ಟು ಹೋದವನು ಮತ್ತೆ ಮುಖ ತೋರಿಸಲಿಲ್ಲ, ಬಿಲ್ ಕೇಳಿ ಇಪ್ಪತ್ತು ನಿಮಿಷವಾದರೂ ತರಲಿಲ್ಲ ಅಂದರೆ ಅದು ಅವನ ತಪ್ಪು. ನಿಮಗಿಂತ ತಡವಾಗಿ ಬಂದ ಟೇಬಲ್‌ಗಳಿಗೆಲ್ಲ ಊಟ ಬಂದು ನಿಮಗೆ ಮಾತ್ರ ಬಂದಿಲ್ಲವಾದರೆ ಆರ್ಡರ್ ಒಳಗೆ ಹೋಗಿಯೇ ಇಲ್ಲದಿರಬಹುದು. ಸುಮ್ಮನೆ ಕಾಯದೆ ಆಗಲೇ ಕೇಳಿ.

ಅವನದೇ ತಪ್ಪಾದರೆ ಶೇ. 15ಕ್ಕೋ ಹತ್ತಕ್ಕೋ ಇಳಿಸಿ. ಸೊನ್ನೆ ಅನ್ನುವುದನ್ನು ಅವಮಾನ, ತಾರತಮ್ಯ, ಬೇಕೆಂದೇ ಬಿಲ್ಲಿಗೆ ಸೇರಿಸಿದ ಮೋಸ ಇಂಥವಕ್ಕೆ ಮಾತ್ರ ಇಟ್ಟುಕೊಳ್ಳಿ. ಇದಕ್ಕೊಂದು ಕಾರಣವಿದೆ. ಅನೇಕ ಹೋಟೆಲ್‌ಗಳಲ್ಲಿ ವೇಟರ್ ತನ್ನ ಮಾರಾಟದ ಮೇಲೆ ಇಂತಿಷ್ಟು ಪರ್ಸೆಂಟ್ ಅಂತ ಮೇಜು ಒರೆಸುವವರಿಗೆ, ಬಾರ್‌ನವರಿಗೆ ಹಂಚಬೇಕು. ಅದು ಶೇ. 3 ಅಂತಿದ್ದರೆ ನಿಮ್ಮ 80 ಡಾಲರ್ ಟೇಬಲ್‌ಗೆ 2.40 ಡಾಲರ್. ನೀವು ಏನೂ ಕೊಡದಿದ್ದರೆ ಅಷ್ಟನ್ನು ಅವನು ಬೇರೆ ಟೇಬಲ್‌ನ ಟಿಪ್ಸ್‌ನಿಂದ ಕೊಡುತ್ತಾನೆ, ಅಂದರೆ ನಿಮಗೆ ಬಡಿಸಿದ್ದಕ್ಕೆ ಅವನೇ ದುಡ್ಡು ತೆತ್ತಂತಾಯಿತು.

ಇನ್ನೊಂದು ಮಾತು. ಬರೀ ಕಡಿಮೆ ಕೊಟ್ಟು ಹೋದರೆ ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಜಿಪುಣ ಅಂದುಕೊಂಡು ಮರೆಯುತ್ತಾರೆ. ಸರಿಪಡಿಸಲು ಸಮಯವಿರುವಾಗಲೇ ಬಾಯಿಬಿಟ್ಟು ಹೇಳಿ: ಮೊದಲು ವೇಟರ್‌ಗೆ, ಆಗಲಿಲ್ಲವೆಂದರೆ ಮ್ಯಾನೇಜರ್‌ಗೆ, ಏನಾಯಿತು ಎಂಬುದಷ್ಟನ್ನೇ. ಎರಡು ಪೈಸೆ ಇಟ್ಟು ಅಣಕಿಸುವ ಚಾಳಿ ನನಗಂತೂ ಸೊನ್ನೆಗಿಂತ ಕೀಳು ಅನಿಸುತ್ತದೆ.

ಸರ್ವಿಸ್ ಚೆನ್ನಾಗಿದ್ದರೆ ಕೆಲಸ ಸುಲಭ: ಶೇ. 20 ಅಥವಾ ಮೇಲೆ ಕೊಡಿ, ಮ್ಯಾನೇಜರ್ ಹತ್ತಿರ ವೇಟರ್‌ನ ಹೆಸರು ಹೇಳಿ ಹೊಗಳಿ. ನಗದಾದರೆ ಮೇಜಿನ ಮೇಲೆ ಬಿಡುವ ಬದಲು ಕೈಗೇ ಕೊಡುವುದು ವಾಸಿ. ‘ಸರ್ವಿಸ್ ಚಾರ್ಜ್’ ಅಂತ ಬಿಲ್ಲಿನಲ್ಲಿದ್ದರೆ ‘ಇದು ನಿಮಗೆ ಸೇರುತ್ತದೆಯೇ’ ಅಂತ ವೇಟರ್‌ನನ್ನೇ ಕೇಳಿ. ಅಮೆರಿಕದಲ್ಲಿ ಆ ದುಡ್ಡು ಫೆಡರಲ್ ಕಾನೂನಿನ ಲೆಕ್ಕದಲ್ಲಿ ಹೋಟೆಲಿನದು, ಟಿಪ್ಸ್ ಅಲ್ಲ.

ಕೂಪನ್ ಇದ್ದಾಗ, ಅಥವಾ ತಪ್ಪಾಯಿತೆಂದು ಮ್ಯಾನೇಜರ್ ಒಂದು ಐಟಂ ಬಿಲ್ಲಿನಿಂದ ತೆಗೆದಾಗ, ಕಡಿತದ ಮುಂಚಿನ ಮೊತ್ತದ ಮೇಲೆಯೇ ಟಿಪ್ಸ್ ಲೆಕ್ಕ ಹಾಕಿ. ರಿಯಾಯಿತಿ ಸಿಕ್ಕಿತೆಂದು ವೇಟರ್ ಹೊತ್ತ ತಟ್ಟೆಗಳೇನೂ ಕಡಿಮೆಯಾಗಿರುವುದಿಲ್ಲ.