ಯಜಮಾನರ ತಂಗಿಯ ಸಹಿ

ಕುವೆಂಪುನಗರದ ಆ ಮನೆಯ ಗೇಟಿಗೆ ‘ಮನೆ ಮಾರಾಟಕ್ಕಿದೆ, ದಲ್ಲಾಳಿಗಳು ಬರಬಾರದು’ ಎಂಬ ತಗಡಿನ ಫಲಕ ಕಟ್ಟಿದ್ದುದನ್ನು ಕಂಡು, ಸಂಜೆ ವಾಕಿಂಗ್ ಹೊರಟಿದ್ದ ನಾನು ಬೆಲ್ ಒತ್ತಿದೆ. ಯಜಮಾನರ ತಂದೆಗೆ ಮುಡಾದಿಂದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದಿಂದ) ಹಂಚಿಕೆಯಾಗಿದ್ದ 20×30 ಅಡಿಯ ಸೈಟಿನಲ್ಲಿ ಕಟ್ಟಿದ ಮನೆ ಅದು. ಮೂರು ಸಂಜೆಯ ಕಾಫಿ ಮುಗಿಯುವಷ್ಟರಲ್ಲಿ ಮಾತು 72 ಲಕ್ಷಕ್ಕೆ ನಿಂತಿತು. ದಲ್ಲಾಳಿ ಇದ್ದಿದ್ದರೆ ಶೇ. 1ರಂತೆ ಕೊಡಬೇಕಾಗಿದ್ದ 72 ಸಾವಿರ ರೂಪಾಯಿ ಉಳಿಯಿತೆಂದು ಹಿಗ್ಗಿದೆ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದ್ದರಿಂದ ಅಷ್ಟೇ ಮೊತ್ತ ಬೊಕ್ಕಸಕ್ಕೆ ಸೇರಿತೆಂಬುದು ಬೇರೆ ಮಾತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6 ಹೇಗೂ ಇದ್ದೇ ಇತ್ತು.

ದಲ್ಲಾಳಿ ಇಲ್ಲದ ವ್ಯವಹಾರದಲ್ಲಿ ಮುಜುಗರದ ಪ್ರಶ್ನೆಗಳನ್ನು ಕೇಳಲು ನಡುವೆ ಇನ್ನೊಂದು ಬಾಯಿ ಇರುವುದಿಲ್ಲ. ಕಾಫಿ ಕೊಟ್ಟವರ ಮನೆಯಲ್ಲೇ ಕುಳಿತು ‘ಈ ಮನೆ ಪೂರ್ತಿ ನಿಮ್ಮದೇ ತಾನೆ?’ ಎಂದು ಕೇಳುವುದಾದರೂ ಹೇಗೆ? ನಾನು ಕೇಳಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 30 ವರ್ಷಗಳ ಋಣಭಾರ ಪ್ರಮಾಣಪತ್ರ ತೆಗೆಸಿ, ಅಡಮಾನ ಯಾವುದೂ ಇಲ್ಲವೆಂಬುದನ್ನೂ ಖಾತೆ ಯಜಮಾನರ ಹೆಸರಿಗೇ ಇದೆಯೆಂಬುದನ್ನೂ ನೋಡಿಕೊಂಡು, 2 ಲಕ್ಷ ಮುಂಗಡ ಕಳುಹಿಸಿದ ಮೇಲೆ ಕಾಗದಗಳನ್ನು ವಕೀಲರಿಗೆ ತೋರಿಸಿದೆ. ಈ ಕೆಲಸ ಹಿಂದುಮುಂದಾದದ್ದು ನನ್ನದೇ ತಪ್ಪು.

ವಕೀಲರು ತಂದೆಯ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಕೇಳಿದರು. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಸಾವಿನಿಂದ ಬಂದ ಪಾಲು ಅಲ್ಲಿ ಕಾಣುವುದಿಲ್ಲ. ಖಾತೆಯಾದರೂ ಕಂದಾಯ ಯಾರ ಹೆಸರಿನಲ್ಲಿ ಕಟ್ಟಬೇಕೆಂದು ತಿಳಿಸುತ್ತದೆಯೇ ಹೊರತು ಒಡೆತನವನ್ನು ಕೊಡುವುದಿಲ್ಲ. ತಂದೆ ಉಯಿಲು ಬರೆದಿರಲಿಲ್ಲವಾದ್ದರಿಂದ, ಅವರ ಸ್ವಯಾರ್ಜಿತ ಮನೆಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು ಬಂದಿತ್ತು. ಮಗಳಿರುವುದು ಹುಬ್ಬಳ್ಳಿಯಲ್ಲಿ ಎಂಬುದು ನನಗೆ ತಿಳಿದದ್ದೇ ಅಂದು.

‘ಮದುವೆಯಲ್ಲೇ ಅವಳಿಗೆ ಎಲ್ಲ ಕೊಟ್ಟಾಗಿದೆ ಸರ್, ಅವಳು ಏನೂ ಕೇಳುವುದಿಲ್ಲ’ ಎಂದರು ಯಜಮಾನರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಅವರ ತಾಯಿಯ ಸದ್ದು ನಿಂತಿತು. ಹಾಗಿದ್ದರೆ ತಂಗಿಯೇ ಬಂದು ಸಹಿ ಹಾಕಲಿ ಎಂದು, ಲೋಟ ಕೆಳಗಿಟ್ಟು, ತಲೆ ಎತ್ತದೆಯೇ ಹೇಳಿದೆ. ಮುಂದಿನ ಹನ್ನೆರಡು ದಿನ ಯಜಮಾನರಿಂದ ಫೋನು ಬರಲಿಲ್ಲ. ನಡುವೆ ದಲ್ಲಾಳಿ ಇದ್ದಿದ್ದರೆ ಈ ನಿಷ್ಠುರವೆಲ್ಲ ಅವನ ತಲೆಗೆ ಹೋಗುತ್ತಿತ್ತು ಎಂದು ಆ ದಿನಗಳಲ್ಲಿ ಬಹಳ ಸಲ ಅನ್ನಿಸಿತು. ಕೊನೆಗೆ ಫೋನು ಮಾಡಿದವರು ಅವರ ತಾಯಿ: ‘ಮಗಳಿಗೆ ನಾನೇ ಹೇಳಿದ್ದೀನಪ್ಪ, ಬರ್ತಾಳೆ.’

ಆಮೇಲಿನ ತೊಡಕು ತೆರಿಗೆಯದು. ಕ್ರಯ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವನೇ ಶೇ. 1ರಷ್ಟು ಆದಾಯ ತೆರಿಗೆ ಮುರಿದು ಕಟ್ಟಬೇಕು. ಒಬ್ಬೊಬ್ಬರ ಪಾಲು 24 ಲಕ್ಷವೇ ಆದರೂ, 2024ರ ಅಕ್ಟೋಬರಿನಿಂದ ಮಾರುವವರೆಲ್ಲರ ಮೊತ್ತವನ್ನು ಒಟ್ಟಾಗಿಯೇ ಎಣಿಸಲಾಗುತ್ತದೆ. ನಾನು ಬೆಲೆ ತಗ್ಗಿಸಲು ಹೊಸ ದಾರಿ ಹುಡುಕಿದ್ದೇನೆಂದು ಯಜಮಾನರು ಅನುಮಾನಿಸಿದರು. ತಾಯಿಯವರಿಗೆ ಪ್ಯಾನ್ ಕಾರ್ಡೇ ಇರಲಿಲ್ಲ. ಅದು ಬರುವವರೆಗೆ ಕಾದು, ಮೂವರ ಹೆಸರಿಗೂ ಈ ತೆರಿಗೆ ಕಟ್ಟುವ 26ಕ್ಯೂಬಿ ನಮೂನೆಯನ್ನು ಪ್ರತ್ಯೇಕವಾಗಿ ತುಂಬಿ, ತಲಾ 24 ಸಾವಿರ ಕಟ್ಟಿದೆ.

ನೋಂದಣಿಯ ದಿನ ತಂಗಿ ಕ್ರಯಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ತಂದೆಯ ಇನಿಷಿಯಲ್ ತಪ್ಪಾಗಿರುವುದನ್ನು ತೋರಿಸಿದರು. ಅಣ್ಣನಾಗಲಿ, ನಾನಾಗಲಿ ಅದನ್ನು ಗಮನಿಸಿರಲಿಲ್ಲ. ತಿದ್ದುಪಡಿಗೆ ಒಂದು ಗಂಟೆ ಹಿಡಿಯಿತು. ಮುಂಗಡದ 2 ಲಕ್ಷವನ್ನು ಅಣ್ಣನ ಪಾಲಿನಲ್ಲಿ ಕಳೆದು ಬರೆಸಿದ್ದ ಮೂರು ಡಿ.ಡಿ.ಗಳನ್ನು ನಾನು ಮೇಜಿನ ಮೇಲಿಟ್ಟಾಗ, ತಾಯಿ ಮೂರನ್ನೂ ಕೈಗೆತ್ತಿಕೊಂಡು, ಹೆಸರು ನೋಡಿ ನೋಡಿ ಹಂಚಿದರು.