ರಾಜಾಜಿಯ ಪಾಠ ಮಾಡಿದ ನಮ್ಮ ಮೇಷ್ಟ್ರು

ರಾಜ್ಯಶಾಸ್ತ್ರದ ನಮ್ಮ ಮೇಷ್ಟ್ರು ಶಾಸಕಾಂಗದ ಪಾಠವನ್ನು ಮದ್ರಾಸಿನಿಂದ ಶುರು ಮಾಡುತ್ತಿದ್ದರು. ಬೋರ್ಡಿನ ಮೇಲೆ ಹಳೆಯ ಬಳ್ಳಾರಿ ಜಿಲ್ಲೆಯ ನಕ್ಷೆ ಬರೆದು, "1953ರ ಸೆಪ್ಟೆಂಬರ್ ಮುಗಿಯೋವರೆಗೂ ಇದಕ್ಕೆ ಮುಖ್ಯಮಂತ್ರಿ ಯಾರು, ಹೇಳ್ರಪ್ಪಾ" ಎಂದು ಕೇಳುವರು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, ಉತ್ತರ ರಾಜಾಜಿ, ಅಂದರೆ ಸಿ. ರಾಜಗೋಪಾಲಾಚಾರಿ. ಆದರೆ ರಾಜಾಜಿ ಎಂದರೆ ನಮಗೆ ಭಾರತದ ಕೊನೆಯ ಗವರ್ನರ್ ಜನರಲ್, ಅಷ್ಟೇ. ಆಮೇಲೆ ಅಂಗೈಯಿಂದ ಆದೋನಿ, ಆಲೂರು, ರಾಯದುರ್ಗಗಳನ್ನು ಒರೆಸಿ, "ಅಕ್ಟೋಬರ್ 1ಕ್ಕೆ ಇವು ಮೂರು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು" ಅನ್ನುವರು. ರಾಯದುರ್ಗದ ಸಹಪಾಠಿಯೊಬ್ಬಳು "ನಮ್ಮೂರು ಅಳಿಸಿಬಿಟ್ರಲ್ಲ ಸಾರ್" ಎಂದಾಗ ಸೀಮೆಸುಣ್ಣ ಅವಳ ಕೈಗೆ ಕೊಟ್ಟು, "ಬಾರಮ್ಮ, ನೀನೇ ಬರಿ" ಎಂದರು. ಗಡಿಯ ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ತರಗತಿ ಅದು.

ಸಂಪ್ರದಾಯವಾದಿ ರಾಜಕಾರಣಿ ಎಂದರೆ ಆ ವಯಸ್ಸಿನಲ್ಲಿ ನಮಗೆ ತಾತ್ಸಾರ. ಮೇಷ್ಟ್ರು ಅದಕ್ಕೆ ಆಸ್ಪದ ಕೊಡಲಿಲ್ಲ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲಿ ಮಾಡಿದ ಮನುಷ್ಯ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿ, ನೇರ ಖಜಾನೆಯ ಲೆಕ್ಕಕ್ಕೆ ಬರುತ್ತಿದ್ದರು. 1937ರಲ್ಲಿ ಮದ್ರಾಸ್ ಪ್ರಾಂತದ ಅಧಿಕಾರ ಹಿಡಿದ ರಾಜಾಜಿ, ಅದೇ ಅಕ್ಟೋಬರ್‌ನಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಅಬಕಾರಿ ಆದಾಯ ಬಿದ್ದುಹೋಗುತ್ತದೆಂದು ಗೊತ್ತಿತ್ತು. ಆ ಹಳ್ಳ ತುಂಬಲು 1939ರಲ್ಲಿ ಮಾರಾಟ ತೆರಿಗೆ ಕಾಯ್ದೆ ಮಾಡಿದರು. ಹೆಂಡದ ದುಡ್ಡು ಬೇಡ ಅನ್ನುವುದು ಸುಲಭ, ಅದರ ಬದಲಿನ ದುಡ್ಡು ಎಲ್ಲಿಂದ ಅಂತ ಸದನದ ಮುಂದೆ ಹೇಳಬೇಕಲ್ಲ, ಎನ್ನುತ್ತಿದ್ದರು ಮೇಷ್ಟ್ರು. ಮುಂದೆ ನಾನು ವಾಣಿಜ್ಯ ತೆರಿಗೆ ಇಲಾಖೆಗೇ ಸೇರಿದೆ. ಹತ್ತಿ ವ್ಯಾಪಾರಿಗಳ ಖಾತೆ ಪುಸ್ತಕ ತಿರುವುವಾಗ ಈ ಮಾತು ಎಷ್ಟೋ ಸಲ ಕಿವಿಯಲ್ಲಿ ಮೊಳಗಿದೆ.

ಗೀತೆ, ಉಪನಿಷತ್ತುಗಳನ್ನು ನೆಚ್ಚಿಕೊಂಡಿದ್ದ ಅದೇ ವ್ಯಕ್ತಿ, 1939ರಲ್ಲಿ ಮಧುರೆಯ ಮೀನಾಕ್ಷಿ ಗುಡಿಗೆ ದಲಿತರು ಪ್ರವೇಶಿಸಿದಾಗ ಅವರನ್ನು ಒಳಕ್ಕೆ ಕರೆದೊಯ್ದವರ ಬೆನ್ನಿಗೆ ಕಾನೂನಿನ ರಕ್ಷಣೆ ನಿಲ್ಲಿಸಿದರು. ಮಗಳು ಲಕ್ಷ್ಮಿಯನ್ನು ಜಾತಿ ಮೀರಿ ಗಾಂಧೀಜಿಯ ಮಗ ದೇವದಾಸರಿಗೆ ಕೊಟ್ಟು ಮದುವೆ ಮಾಡಿದ್ದು ಅದಕ್ಕೂ ಮೊದಲು, 1933ರಲ್ಲಿ. ಹಳೆಯದನ್ನು ಉಳಿಸಬೇಕು ಅನ್ನುವವನು ಯಾವುದನ್ನು ಉಳಿಸುತ್ತಾನೆ, ಯಾವುದನ್ನು ಬಿಡುತ್ತಾನೆ ಅನ್ನುವುದನ್ನು ನೋಡಿಯೇ ಅವನನ್ನು ಅಳೆಯಬೇಕೆಂದು ನಾನು ಇವತ್ತಿಗೂ ನಂಬಿದ್ದೇನೆ.

ಹಾಗೆಂದು ಮೇಷ್ಟ್ರು ಭಜನೆ ಮಾಡಲಿಲ್ಲ. 1952ರಲ್ಲಿ ರಾಜಾಜಿ ಜನರ ಮತ ಕೇಳದೆ, ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಮುಖ್ಯಮಂತ್ರಿಯಾದದ್ದು ಅವರಿಗೆ ಹಿಡಿಸುತ್ತಿರಲಿಲ್ಲ. ಆಹಾರ ಧಾನ್ಯದ ನಿಯಂತ್ರಣ ತೆಗೆದ ಧೈರ್ಯವನ್ನು ಮಾತ್ರ ಹೊಗಳುತ್ತಿದ್ದರು. 1953ರ ಪ್ರಾಥಮಿಕ ಶಿಕ್ಷಣ ಯೋಜನೆಯ ವಿಷಯಕ್ಕೆ ಬಂದರೆ ದನಿಯೇ ಬದಲಾಗುತ್ತಿತ್ತು. ಹಳ್ಳಿಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು. ಇದು ಜಾತಿಯ ಕಸುಬಿಗೆ ಮಕ್ಕಳನ್ನು ಕಟ್ಟಿಹಾಕುತ್ತದೆಂದು ವಿರೋಧ ಎದ್ದು, ರಾಜಾಜಿ 1954ರಲ್ಲಿ ಕುರ್ಚಿ ಬಿಟ್ಟರು. ಅವರ ನಂತರ ಬಂದು ಆ ಯೋಜನೆಯನ್ನು ಕೈಬಿಟ್ಟ ಕಾಮರಾಜರು, ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ನಮ್ಮ ಬಳ್ಳಾರಿಯ ಅಲ್ಲೀಪುರ ಜೈಲಿನಲ್ಲಿದ್ದವರು. ಆ ಸತ್ಯಾಗ್ರಹಕ್ಕೆ ವೇದಾರಣ್ಯದ ಯಾತ್ರೆ ಹೊರಡಿಸಿದವರು ರಾಜಾಜಿಯೇ.

"ನಮ್ಮಪ್ಪ ಕಂಬಳಿ ನೇಯೋರು" ಎಂದರು ಮೇಷ್ಟ್ರು ಒಂದು ದಿನ. "ಕುಣಿ ಮಗ್ಗದಾಗ ಕಾಲು ಇಳಿಬಿಟ್ಟು ಕುಂತ್ರೆ ಸಂಜಿಗೇ ಏಳಾದು. ಆ ಯೋಜನೆ ಉಳಿದು, ನಾವೂ ಮದ್ರಾಸಿನಾಗೇ ಉಳಿದಿದ್ರೆ, ನಾನೂ ಅಲ್ಲೇ ಕುಂತಿರ್ತಿದ್ದೆ." ನೂಲಿನ ಹುರಿ ಉಜ್ಜಿ ಗಟ್ಟಿಯಾದ ಹೆಬ್ಬೆರಳನ್ನು ನಮಗೆ ತೋರಿಸಿದರು. ರಜೆಯಲ್ಲಿ ಅವರೂ ನೇಯುತ್ತಿದ್ದರಂತೆ.

ಆ ವರ್ಷದ ಕಿರುಪರೀಕ್ಷೆಯಲ್ಲಿ ಇದೇ ಯೋಜನೆಯ ಮೇಲೆ ಪ್ರಶ್ನೆ ಬಂತು. ನಾವೆಲ್ಲ ಮೇಷ್ಟ್ರ ಮನಸ್ಸು ತಿಳಿದು ವಿರೋಧಿಸಿ ಬರೆದೆವು. ಸಿರುಗುಪ್ಪದ ಗೆಳೆಯನೊಬ್ಬ ಮಾತ್ರ, ಇದ್ದಷ್ಟೇ ಕಟ್ಟಡ, ಇದ್ದಷ್ಟೇ ಶಿಕ್ಷಕರಲ್ಲಿ ಎರಡು ಪಾಳಿ ಮಾಡಿದರೆ ಹೆಚ್ಚು ಮಕ್ಕಳು ಅಕ್ಷರ ಕಲಿಯುತ್ತಾರೆಂದು ರಾಜಾಜಿಯ ಪರ ವಾದಿಸಿದ. ಮೇಷ್ಟ್ರು ಅವನ ಉತ್ತರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು, ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟರು. ಆಮೇಲೆ ಗಂಟೆ ಹೊಡೆಯುವವರೆಗೂ ಅವನ ಜೊತೆ ವಾದಕ್ಕಿಳಿದರು.