ಶಿರಾಡಿಯಲ್ಲಿ ನಿಂತ ಕಾರು, ಸರದಿಯ ಹಾಡು

ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನನಗೆ ಲಿಂಕ್ ಮಾಮ ಅಂತ ಹೆಸರು. ಇಟ್ಟವಳು ಅಕ್ಕನ ಮಗಳು. ವಾರಕ್ಕೆ ಎರಡು ಮೂರು ಹಾಡಿನ ಲಿಂಕ್ ಹಾಕುತ್ತೇನೆ, ಅದಕ್ಕೇ ಈ ಬಿರುದು. ಒಂದು ದಿನ ಕ್ಯೂಬಾದ ಹಾಡು, ಇನ್ನೊಂದು ದಿನ ಕುಮಾರ ಗಂಧರ್ವರ ನಿರ್ಗುಣಿ ಭಜನೆ, ಮತ್ತೊಂದು ದಿನ ಎಲ್ಲೋ ಸಿಕ್ಕಿದ ಕಂಸಾಳೆ ಪದ. ಯಾರೂ ಕೇಳುವುದಿಲ್ಲ. ಭಾವ ಹೆಬ್ಬೆರಳು ಎತ್ತುತ್ತಾರೆ. ಅಮ್ಮ ಕೈ ಮುಗಿದ ಚಿತ್ರ ಹಾಕುತ್ತಾರೆ. ಯಾರಾದರೂ ತೀರಿಕೊಂಡ ಸುದ್ದಿ ಬಂದರೂ ಅವರು ಹಾಕುವುದು ಅದೇ ಚಿತ್ರ. ಹಾಗಾಗಿ ನನ್ನ ಹಾಡಿನ ಗತಿ ಏನು ಅಂತ ನೀವೇ ಊಹಿಸಿ.

ಹೋದ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಒಂದು ಗೃಹಪ್ರವೇಶ ಮುಗಿಸಿ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಹೊರಟಿದ್ದೆವು. ಅಮ್ಮ, ಪಿಯುಸಿ ಓದುತ್ತಿದ್ದ ಅಕ್ಕನ ಮಗಳು, ನಾನು ಮತ್ತು ಕುಂದಾಪುರ ಕಡೆಯ ಡ್ರೈವರ್. ಉಪ್ಪಿನಂಗಡಿ ದಾಟುವಾಗಲೇ ಮಳೆ ಜೋರಾಯಿತು. ಗುಂಡ್ಯ ಕಳೆದು ಶಿರಾಡಿ ಘಾಟಿ ಹತ್ತಲು ಶುರುಮಾಡಿದ್ದೆವು ಅಷ್ಟೇ. ಕೆಂಪುಹೊಳೆ ಹತ್ತಿರ ಮುಂದೆ ಲಾರಿಗಳ ಸಾಲು ನಿಂತಿತ್ತು. ಮೇಲೆ ಗುಡ್ಡದ ಮಣ್ಣು ರಸ್ತೆಗೆ ಜಾರಿದೆಯಂತೆ, ಜೆಸಿಬಿ ಬರಬೇಕಂತೆ. ಅರ್ಧ ಗಂಟೆಯಲ್ಲಿ ನಮ್ಮ ಹಿಂದೆಯೂ ಸಾಲು ಬೆಳೆಯಿತು. ವಾಪಸ್ ತಿರುಗುವ ಹಾಗೂ ಇಲ್ಲ.

ನೆಟ್‌ವರ್ಕ್ ಒಂದು ಕಡ್ಡಿಯೂ ಇಲ್ಲ. ಅಕ್ಕನ ಮಗಳು ಫೋನನ್ನು ಕಿಟಕಿಗೆ ಹಿಡಿದಳು, ಸೀಟಿನ ಮೇಲೆ ಎತ್ತಿದಳು, ಕೊನೆಗೆ ಸೋತಳು. ಗೃಹಪ್ರವೇಶದ ಮನೆಯವರು ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ ತೆರೆದೆವು. ಅದೂ ಎಷ್ಟು ಹೊತ್ತು?

ಆಟ ಹುಡುಕಿದ್ದು ಅವಳೇ. ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಹಾಡು ಹಾಕಬೇಕು. ನೆಟ್ ಇಲ್ಲದ್ದರಿಂದ ಫೋನಿನೊಳಗೆ ಇರುವುದು ಮಾತ್ರ ಲೆಕ್ಕ. ಬೇರೆಯವರ ಹಾಡನ್ನು ಮಧ್ಯದಲ್ಲಿ ನಿಲ್ಲಿಸುವಂತಿಲ್ಲ, ಮಾತಾಡುವಂತಿಲ್ಲ. ಡ್ರೈವರ್ ಕೂಡ ಆಟದಲ್ಲಿ ಇರಬೇಕು. ಅವರು ಬ್ಯಾಟರಿ ಇಳಿಯುತ್ತದೆ ಅಂತ ಸ್ವಲ್ಪ ಗೊಣಗಿದರು. ಆಮೇಲೆ ಆಗಾಗ ಇಂಜಿನ್ ಸ್ಟಾರ್ಟ್ ಮಾಡುತ್ತೇನೆ, ಪರವಾಗಿಲ್ಲ ಅಂದರು.

ಮೊದಲ ಸರದಿ ನನ್ನದು. ಕಟ್ಟಿಹಾಕಿದ ಹಾಗೆ ಮೂರು ಜನ ಕೇಳುಗರು! ಇಂಥ ಅವಕಾಶ ಬಿಡುವುದುಂಟೇ? ಅಮೆರಿಕದ ಜಾಝ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಮೈ ಫೇವರಿಟ್ ಥಿಂಗ್ಸ್' ಹಾಕಿದೆ. 1961ರ ರೆಕಾರ್ಡ್. ಹಿಂದೆ ಪಿಯಾನೊ ಎರಡು ಸ್ವರಗುಚ್ಛಗಳನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಿರುತ್ತದೆ, ಹೆಚ್ಚುಕಮ್ಮಿ ತಂಬೂರಿಯ ಕೆಲಸ. ಅದರ ಮೇಲೆ ಸೊಪ್ರಾನೊ ಸ್ಯಾಕ್ಸೊಫೋನ್ ಅಲೆಯುತ್ತದೆ. ನನಗೆ ಪ್ರಾಣ. ಒಂದೇ ತೊಂದರೆ, ಅದು 13 ನಿಮಿಷಕ್ಕೂ ಜಾಸ್ತಿ. ಆರನೇ ನಿಮಿಷಕ್ಕೆ ಡ್ರೈವರ್ ಕನ್ನಡಿ ಒರೆಸಲು ಶುರುಮಾಡಿದರು. ಅಮ್ಮ ನಿಯಮ ಪಾಲಿಸಿ ಬಾಯಿ ಮುಚ್ಚಿಕೊಂಡೇ ಇದ್ದರು. ಮುಗಿದ ಮೇಲೆ ಒಂದೇ ಮಾತು:

"ಪಾಪ, ನಾಗಸ್ವರದವರಿಗೆ ದಾರಿ ತಪ್ಪಿದೆ."

ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. ಅಮ್ಮನಿಗೆ ಇಷ್ಟಕ್ಕೇ ಸಮಾಧಾನ ಇಲ್ಲ. "ಸ್ಯಾಕ್ಸೊಫೋನೇ ಬೇಕಾದರೆ ನಮ್ಮ ಕದ್ರಿಯವರದ್ದು ಇಲ್ವಾ?" ಇತ್ತು. ಸರದಿ ತಪ್ಪಿಸಿ ಕದ್ರಿ ಗೋಪಾಲನಾಥರ ಒಂದು ಕೀರ್ತನೆ ಹಾಕಿದೆ. ಕಾರಿನೊಳಗಿನ ಗಾಳಿಯೇ ಬದಲಾಯಿತು. ಡ್ರೈವರ್ ಸೀಟು ಸ್ವಲ್ಪ ಹಿಂದಕ್ಕೆ ಸರಿಸಿ, "ನಮ್ಮ ಕಡೆ ಮದುವೆಗೆ ಸ್ಯಾಕ್ಸೊಫೋನ್ ಬೇಕೇ ಬೇಕು" ಅಂದರು. ನಿಜ. ದಕ್ಷಿಣ ಕನ್ನಡದ ದೇವಸ್ಥಾನದ ಉತ್ಸವ, ಮದುವೆ ಮನೆ, ಎಲ್ಲ ಕಡೆ ಈಗ ಆ ವಾದ್ಯ ಉಂಟು. ಅದಕ್ಕೆ ಕಾರಣ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಈ ಮನುಷ್ಯ. ಅಪ್ಪ ನಾಗಸ್ವರ ನುಡಿಸುವವರು. ಮಗ ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನ್ ನೋಡಿ ಮರುಳಾದ. ಕೀಲಿ ಒತ್ತಿ ನುಡಿಸುವ ವಾದ್ಯದಲ್ಲಿ ಗಮಕ, ಅಂದರೆ ಸ್ವರದ ಓಲಾಟ, ತರುವುದು ಸುಲಭವಲ್ಲ. ವರ್ಷಗಟ್ಟಲೆ ಪಳಗಿಸಿದರು, ವಾದ್ಯವನ್ನೇ ಸ್ವಲ್ಪ ಬದಲಾಯಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಇದನ್ನೆಲ್ಲ ನಾನು ಹೇಳಲು ಬಾಯಿ ತೆರೆದಾಗ ಅಮ್ಮ ಬೆರಳು ತೋರಿಸಿದರು. ಮಾತಾಡುವಂತಿಲ್ಲ.

ಆಮೇಲೆ ಡ್ರೈವರ್ ಸರದಿ. ಅವರು ಫೋನ್ ಮುಟ್ಟಲಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯಿಂದ ಬಿಳಿ ಪ್ಲಾಸ್ಟರ್ ಸುತ್ತಿದ ಒಂದು ಪೆನ್‌ಡ್ರೈವ್ ತೆಗೆದರು. ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದ್ಯ. 'ನೀಲ ಗಗನದೊಳು.' ಮೋಡ ಕಂಡು ಕುಣಿಯುವ ನವಿಲಿನ ಪದ್ಯ. ನಮ್ಮ ತಲೆ ಮೇಲೆ ಶಿರಾಡಿಯ ಮೋಡ ಕವುಚಿ ಬಿದ್ದಿತ್ತು. ಇದಕ್ಕಿಂತ ಸರಿಯಾದ ಹೊತ್ತು ಸಿಗುತ್ತಿತ್ತಾ?

ರೆಕಾರ್ಡಿಂಗ್ ಏನೂ ಚೆನ್ನಾಗಿಲ್ಲ. ಸಿಳ್ಳೆ ಕೇಳುತ್ತದೆ. ಯಾರೋ ಕೆಮ್ಮುತ್ತಾರೆ. ಮದ್ದಳೆ ಹತ್ತಿರ, ಚೆಂಡೆ ಎಲ್ಲೋ ದೂರ. ಆದರೆ ಆ ಕಂಠ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುವಾಗ ವೈಪರ್ ಸದ್ದು ಕೂಡ ಅಡ್ಡ ಬಂತು ಅನ್ನಿಸಿ ನಾನೇ ಕೈ ಚಾಚಿ ಆಫ್ ಮಾಡಿದೆ. ಪದ್ಯದ ನಡುವೆ ಇದ್ದಕ್ಕಿದ್ದ ಹಾಗೆ ಟಕ್ ಅಂತ ಒಂದು ಸದ್ದು. ಹಾಡು ಮುಂದಕ್ಕೆ ಜಿಗಿಯಿತು.

"ಪೆನ್‌ಡ್ರೈವ್ ಹಾಳಾಗಿದೆಯಾ?" ಅಂತ ಅಕ್ಕನ ಮಗಳು ಕೇಳಿದಳು.

"ಇಲ್ಲ. ಅಲ್ಲಿ ನನ್ನ ಅಪ್ಪ ಕ್ಯಾಸೆಟ್ ತಿರುಗಿಸಿದ್ದು."

ಅವರ ಅಪ್ಪ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಸಾಲಿಗ್ರಾಮ ಮೇಳದ ಆಟಕ್ಕೆ ಹೋಗುತ್ತಿದ್ದರಂತೆ. ರಂಗಸ್ಥಳದ ಹತ್ತಿರ ಜಾಗ ಹಿಡಿದು ರಾತ್ರಿಯಿಡೀ ರೆಕಾರ್ಡ್ ಮಾಡುತ್ತಿದ್ದರಂತೆ. ಒಂದು ಮಗ್ಗುಲು ಮುಗಿದಾಗ ಕತ್ತಲೆಯಲ್ಲಿ ತಡವರಿಸಿ ತಿರುಗಿಸಬೇಕು. ಅಷ್ಟರಲ್ಲಿ ನಾವಡರು ಎರಡು ಸಾಲು ಮುಂದೆ ಹೋಗಿರುತ್ತಿದ್ದರು. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಆಗ ಅವರಿಗೆ 30ರ ಆಸುಪಾಸು. ಡ್ರೈವರ್ ಹುಟ್ಟಿದ್ದು ಅದಾದ ಮೇಲೆ. ಅವರನ್ನು ಒಮ್ಮೆಯೂ ನೋಡಿದವರಲ್ಲ. "ಬೇರೆ ಕಡೆ ಪೂರ್ತಿ ಪದ್ಯ ಸಿಗುತ್ತದೆ ಮಾರಾಯ್ರೆ. ಆದರೆ ನನಗೆ ಆ ಟಕ್ ಬರದಿದ್ದರೆ ಏನೋ ಕಮ್ಮಿ ಆದ ಹಾಗೆ."

ಅಕ್ಕನ ಮಗಳು ಕೊರಿಯದ ಬಿಟಿಎಸ್ ಗುಂಪಿನ ಹಾಡು ಹಾಕುತ್ತಾಳೆ ಅಂತ ನನಗೆ ಗೊತ್ತಿತ್ತು. ಹಾಕಿದಳು. 2017ರ 'ಸ್ಪ್ರಿಂಗ್ ಡೇ.' ಆ ಗುಂಪಿನ ಹೆಸರು ಕೇಳಿದರೇ ಮೂಗು ಮುರಿಯುತ್ತಿದ್ದವನು ನಾನು. ಒಂದು ಹಾಡನ್ನೂ ಪೂರ್ತಿ ಕೇಳದೆ ಮುರಿದ ಮೂಗು ಅದು, ಒಪ್ಪಿಕೊಳ್ಳುತ್ತೇನೆ. ಕುಣಿತದ ಅಬ್ಬರ ಇರುತ್ತದೆ ಅಂದುಕೊಂಡಿದ್ದೆ. ಇದು ದೂರವಾದ ಗೆಳೆಯನಿಗಾಗಿ ಕಾಯುವ ಹಾಡು. ಮುಗಿದ ಮೇಲೆ ಅವಳು ಮಂಜು ಹಿಡಿದ ಕಿಟಕಿ ಗಾಜಿನ ಮೇಲೆ ಬೆರಳಿನಿಂದ ಆ ಹಾಡಿನ ಒಂದು ಮಾತನ್ನು ಕೊರಿಯನ್ ಲಿಪಿಯಲ್ಲಿ ಬರೆದಳು. ಚೌಕ, ಗೀಟು. ರಂಗೋಲಿ ಹಾಗಿದೆ ಅಂದರು ಅಮ್ಮ. ಬೊಗೊ ಸಿಪ್ತಾ ಅಂತ ಓದಬೇಕಂತೆ. "ಮಿಸ್ ಮಾಡ್ಕೋತಿದೀನಿ ಅಂತ ಅರ್ಥ. ಆದರೆ ಪದ ಬಿಡಿಸಿದರೆ ನೋಡಬೇಕು ಅನಿಸ್ತಿದೆ ಅಂತ." ನಾವು ಮಿಸ್ ಅನ್ನುವುದಕ್ಕೆ ಇಂಗ್ಲಿಷ್ ತುರುಕುತ್ತೇವೆ. ನನ್ನ ಅಜ್ಜಿ ಫೋನಿನಲ್ಲಿ ಅನ್ನುತ್ತಿದ್ದದ್ದು ಕೊರಿಯದವರ ಹಾಗೆಯೇ: ನಿನ್ನ ನೋಡಬೇಕು ಅನಿಸ್ತಿದೆ ಮಗಾ.

ಎರಡನೇ ಸುತ್ತಿಗೆ ನಾನು ಸ್ವಲ್ಪ ಹುಷಾರಾದೆ. ಚಿಕ್ಕದು ಹುಡುಕಿದೆ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಅಲಿ ಫಾರ್ಕಾ ಟೂರೆ ಅವರ ಗಿಟಾರ್ ಹಾಡು. ಅಮೆರಿಕದ ರೈ ಕೂಡರ್ ಜೊತೆ 1994ರಲ್ಲಿ ಹೊರತಂದ 'ಟಾಕಿಂಗ್ ಟಿಂಬಕ್ಟು' ಆಲ್ಬಮ್ ಅವರಿಗೆ ಗ್ರ್ಯಾಮಿ ತಂದುಕೊಟ್ಟಿತ್ತು. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಆಫ್ರಿಕಾದ ತಮ್ಮ ಕಡೆಯಿಂದ ಹೋದದ್ದು ಅಂತ ವಾದಿಸುತ್ತಿದ್ದವರು. ಗಿಟಾರ್ ಒಂದೇ ಜಾಗದಲ್ಲಿ ಸುತ್ತುತ್ತದೆ, ಗಾಣದ ಎತ್ತಿನ ಹಾಗೆ. ಅದರ ಮೇಲೆ ಮಾತಾಡಿದಂತೆ ಹಾಡುತ್ತಾರೆ.

ಅಮ್ಮ ಚಕ್ಕುಲಿ ಡಬ್ಬಿಯ ಮುಚ್ಚಳ ತಟ್ಟಲು ಶುರುಮಾಡಿದರು. ಆಮೇಲೆ ಗುನುಗು. ಆಮೇಲೆ, ನಿಯಮ ಮುರಿದು, ಬಾಯಿ ಬಿಟ್ಟು ಹಾಡಿಯೇ ಬಿಟ್ಟರು. 'ನಾರಾಯಣ ನಿನ್ನ ನಾಮದ.' ಭಜನಾ ಮಂಡಳಿಯಲ್ಲಿ ಅವರು ಎಷ್ಟು ಸಲ ಹಾಡಿದ್ದಾರೋ. ಸ್ಪೀಕರಿನಲ್ಲಿ ನೈಜರ್ ನದಿ ದಂಡೆಯ ಮನುಷ್ಯ, ಹಿಂದಿನ ಸೀಟಿನಲ್ಲಿ ಪುರಂದರದಾಸರು. ತಾಳ ಕೂಡಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಶ್ರುತಿ ಹಿಡಿದಿದ್ದರು, ಸ್ವರ ಎಲ್ಲೂ ಜಗಳ ಆಡಲಿಲ್ಲ.

ಇದರಲ್ಲಿ ಪವಾಡ ಏನಿಲ್ಲ. ಆ ದೇವರನಾಮವನ್ನು ನಮ್ಮಲ್ಲಿ ಹೆಚ್ಚಾಗಿ ಹಾಡುವುದು ಶುದ್ಧ ಧನ್ಯಾಸಿ ರಾಗದಲ್ಲಿ. ಸ, ಗ, ಮ, ಪ, ನಿ ಅಷ್ಟೇ. ರಿ ಇಲ್ಲ, ದ ಇಲ್ಲ. ಹಿಂದೂಸ್ತಾನಿಯವರು ಅದೇ ಐದು ಸ್ವರಕ್ಕೆ ಧಾನಿ ಅನ್ನುತ್ತಾರೆ. ಗಿಟಾರ್ ಕಲಿಯುವ ಹುಡುಗರು ಮೈನರ್ ಪೆಂಟಟಾನಿಕ್ ಅಂತ ಮೊದಲ ತಿಂಗಳೇ ಉರುಹೊಡೆಯುತ್ತಾರೆ. ಬ್ಲೂಸ್‌ನ ಬೆನ್ನೆಲುಬೂ ಅದೇ. ಇದನ್ನು ನಾನು ಓದಿ ತಿಳಿದಿದ್ದೆ, ಒಮ್ಮೆ ಗ್ರೂಪಿನಲ್ಲಿ ಉದ್ದಕ್ಕೆ ಬರೆದೂ ಇದ್ದೆ. ಕಿವಿಯಲ್ಲಿ ಕೇಳಿದ್ದು ಅವತ್ತೇ.

ಹಾಡು ನಿಂತ ಮೇಲೆ ಅಮ್ಮ ಕೇಳಿದರು, ಫಾರ್ಕಾ ಅಂದರೆ ಏನು? ನನಗೆ ಇಂಥ ಪ್ರಶ್ನೆ ಯಾರೂ ಕೇಳುವುದೇ ಇಲ್ಲ, ಖುಷಿಯಾಯಿತು. ಫಾರ್ಕಾ ಅಂದರೆ ಕತ್ತೆ. ಅವರಿಗಿಂತ ಮೊದಲು ಹುಟ್ಟಿದ ಒಂಬತ್ತು ಮಕ್ಕಳು ಬದುಕಲಿಲ್ಲ. ಹತ್ತನೆಯವನಾದರೂ ಉಳಿಯಲಿ, ಕತ್ತೆಯ ಹಾಗೆ ಗಟ್ಟಿಯಾಗಿರಲಿ ಅಂತ ಆ ಅಡ್ಡಹೆಸರು.

"ಹೌದಲ್ವಾ, ನಮ್ಮಲ್ಲಿ ಗುಂಡ, ತಿಪ್ಪ ಅಂತ ಇಡುತ್ತಿದ್ದರಲ್ಲ, ಹಾಗೆ" ಅಂದರು ಅಮ್ಮ. ಆಮೇಲೆ, "ಉಳಿದರಾ?"

ಉಳಿದರು. ಊರಲ್ಲಿ ಬೇಸಾಯ ಮಾಡಿದರು, 2004ರಲ್ಲಿ ಅದೇ ಊರಿಗೆ ಮೇಯರ್ ಆದರು, 2006ರಲ್ಲಿ ತೀರಿಕೊಂಡರು.

ಕೊನೆಗೆ ಅಮ್ಮನ ಸರದಿ. ಅವರು ಅಲ್ಲಿಯವರೆಗೆ ನನಗೆ ಬೇಡ, ನನಗೆ ಬೇಡ ಅಂತ ತಪ್ಪಿಸಿಕೊಂಡಿದ್ದರು. ಫೋನಿನಲ್ಲಿ ಹಾಡೇ ಇಲ್ಲ ಅಂದರು. ಅಕ್ಕನ ಮಗಳು ಕಿತ್ತುಕೊಂಡು ಹುಡುಕಿದಳು. ಒಂದು ವಿಡಿಯೊ ಸಿಕ್ಕಿತು. ಎರಡು ನಿಮಿಷವೂ ಇಲ್ಲ. ಕಾಣುವುದು ಅಮ್ಮನ ಹವಾಯಿ ಚಪ್ಪಲಿ, ಕೆಸರು, ಕೊಡೆಯ ಒಂದು ಅಂಚು, ಅಷ್ಟೇ. ಕ್ಯಾಮೆರಾ ನೆಲ ನೋಡುತ್ತಿತ್ತು. ದನಿ ಮಾತ್ರ ಸ್ಪಷ್ಟ. ಊರಿನ ಪಕ್ಕದ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನಡುವ ಹೆಂಗಸರು. ಒಬ್ಬಾಕೆ ತುಳುವಿನಲ್ಲಿ ಒಂದು ಸಾಲು ಎತ್ತುತ್ತಾಳೆ, ಉಳಿದವರು 'ಓ ಬೇಲೆ' ಅಂತ ತುಂಬುತ್ತಾರೆ. ಬಗ್ಗಿಕೊಂಡು ಹಾಡುವುದರಿಂದ ಉಸಿರು ಮುರಿಯುತ್ತದೆ, ಆ ಮುರಿಯುವುದೂ ಹಾಡಿಗೆ ಸೇರಿಹೋಗಿದೆ. ಎರಡನೇ ಸಾಲಿನ ನಡುವೆ ಆಕೆ ಯಾರಿಗೋ ನೇಜಿ ಕಟ್ಟು ತಾ ಅಂತ ಗದರಿ, ಬಿಟ್ಟ ಸ್ವರದಿಂದಲೇ ಮತ್ತೆ ಎತ್ತಿಕೊಂಡಳು. ಕೊನೆಯಲ್ಲಿ ಅಮ್ಮನದೇ ದನಿ, ಇದನ್ನು ಆಫ್ ಮಾಡುವುದು ಹೇಗೆ ಅಂತ.

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಡ್ರೈವರ್ ಇನ್ನೊಂದು ಸಲ ಹಾಕಲು ಹೇಳಿದರು. ಹಾಕಿದೆವು.

"ಇದನ್ನು ಯಾಕೆ ಗ್ರೂಪಿಗೆ ಕಳಿಸಲಿಲ್ಲ ನೀವು?" ಅಂತ ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಗುರುವಿನ ಗತ್ತು ಇತ್ತು ಅಂತ ಕಾಣುತ್ತದೆ.

"ಕಳಿಸಿದ್ದೆನಲ್ಲ."

ಅಕ್ಕನ ಮಗಳು ಹಳೆಯ ಮೆಸೇಜುಗಳನ್ನು ಮೇಲಕ್ಕೆ ತಳ್ಳುತ್ತಾ ಹೋದಳು. ಎರಡು ವರ್ಷ ಹಿಂದಿನದು. ಅದೇ ಚಪ್ಪಲಿ, ಅದೇ ಕೆಸರು. ಕೆಳಗೆ ನನ್ನ ಹೆಬ್ಬೆರಳು. ಅವಳು ಫೋನನ್ನು ಏನೂ ಹೇಳದೆ ನನ್ನ ಮುಖದ ಮುಂದೆ ಹಿಡಿದಳು. ನಾನು ಚಕ್ಕುಲಿ ತೆಗೆದುಕೊಂಡೆ.

ಸಾಲು ಕದಲುವಾಗ ಕತ್ತಲಾಗಿತ್ತು. ಒಟ್ಟು ಐದು ಗಂಟೆ. ಜೆಸಿಬಿ ಪಕ್ಕಕ್ಕೆ ಸರಿಸಿದ ಕೆಂಪು ಮಣ್ಣಿನ ಗುಡ್ಡೆ ದಾಟಿ, ಮಾರನಹಳ್ಳಿ ಕಳೆದು, ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದೆವು. ನೆಟ್‌ವರ್ಕ್ ಬಂತು. ಎಲ್ಲರ ಫೋನೂ ಒಟ್ಟಿಗೆ ಟಿಣ್ ಟಿಣ್ ಅಂದವು. ಯಾರೂ ಅಷ್ಟೇನೂ ನೋಡಲಿಲ್ಲ.

ಕಾರು ಹೊರಟ ಮೇಲೆ ಅಮ್ಮ ಹಿಂದಿನಿಂದ ನನ್ನ ಭುಜ ತಟ್ಟಿದರು.

"ಆ ಕತ್ತೆ ಹೆಸರಿನವರದ್ದು ಇನ್ನೊಂದು ಹಾಕು. ನಾನು ಮಧ್ಯದಲ್ಲಿ ಹಾಡುವುದಿಲ್ಲ."

"ಇಲ್ಲ ಅಮ್ಮ, ನೀವು ಹಾಡಿ" ಅಂದರು ಡ್ರೈವರ್, ಕಿಟಕಿ ಗಾಜು ಮೇಲೇರಿಸುತ್ತಾ.